ಡಬ್ಬಿಯ ಮೇಲೆ ಹೆಸರಿರುವ ಪಕ್ಷಪಾತ

ಎಲ್ಲರೂ ಸೇರಿ ತಿಥಿ ಮಾಡಿ ಮುಗಿಸಿದ್ದ ಫಿಲಂ ಎದ್ದು ಕೂತಿದೆ. 2012ರ ಜನವರಿಯಲ್ಲಿ ಕೊಡ್ಯಾಕ್ ಕಂಪನಿ ದಿವಾಳಿ ಅರ್ಜಿ ಹಾಕಿದಾಗ ರೀಲಿನ ಕಾಲ ಮುಗಿಯಿತು ಎಂದೇ ಲೋಕ ತೀರ್ಮಾನಿಸಿತ್ತು. ಆದರೆ ತಯಾರಿಕೆ ನಿಂತುಹೋಗಿದ್ದ ಕೊಡ್ಯಾಕ್ ಎಕ್ಟಾಕ್ರೋಮ್ ಸ್ಲೈಡ್ ಫಿಲಂ 2018ರಲ್ಲಿ ಮತ್ತೆ ಅಂಗಡಿಗೆ ಬಂತು. 2022ರಲ್ಲಿ ಲೈಕಾ ತನ್ನ ಹಳೆಯ ಎಂ6 ಕ್ಯಾಮೆರಾವನ್ನು ಮತ್ತೆ ತಯಾರಿಸತೊಡಗಿತು. ಇಲ್ಫರ್ಡ್ ಹೆಸರಿನ ಕಪ್ಪು-ಬಿಳುಪು ಫಿಲಂ ಮಾಡುತ್ತಿದ್ದ ಇಂಗ್ಲೆಂಡಿನ ಹಾರ್ಮನ್ 2023ರ ಕೊನೆಗೆ ತನ್ನದೇ ಬಣ್ಣದ ಫಿಲಂ ಹೊರತಂದಿತು. 2024ರಲ್ಲಿ ಪೆಂಟಾಕ್ಸ್ ಹೊಚ್ಚ ಹೊಸ ಫಿಲಂ ಕ್ಯಾಮೆರಾವನ್ನೇ ಬಿಡುಗಡೆ ಮಾಡಿತು. ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಅಪ್ಪನ ಯಾಶಿಕಾ, ಮಾವನ ಪೆಂಟಾಕ್ಸ್ ಕೆ1000 ಕೆಳಗಿಳಿದು ಕಾಲೇಜು ಹುಡುಗ ಹುಡುಗಿಯರ ಕೊರಳೇರಿವೆ.

ಸಂತೋಷ. ಆದರೆ ಯಾಕಪ್ಪಾ ಫಿಲಂ ಎಂದು ಕೇಳಿದಾಗ ಬರುವ ಉತ್ತರಗಳು ನನ್ನ ಗಂಟಲಲ್ಲಿ ಇಳಿಯುವುದಿಲ್ಲ. ಫಿಲಂ ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ, ಡಿಜಿಟಲ್ ಅನ್ನುವುದು ಬರೀ ಬಣ್ಣ ಬಳಿದ ಸುಳ್ಳು ಎನ್ನುವವರಿದ್ದಾರೆ. ರೋಲಿನಲ್ಲಿ ಮೂವತ್ತಾರೇ ಫ್ರೇಮು, ಹಾಗಾಗಿ ಯೋಚಿಸಿ ತೆಗೆಯುತ್ತೇವೆ, ಮನಸ್ಸು ನಿಧಾನವಾಗುತ್ತದೆ ಎನ್ನುವವರು ಇನ್ನೂ ಹೆಚ್ಚು. ಫಿಲಂ ಪರ ವಕಾಲತ್ತು ವಹಿಸಲು ನಾನೂ ಸಿದ್ಧ. ಆದರೆ ಈ ಎರಡು ಸಾಕ್ಷ್ಯ ಇಟ್ಟುಕೊಂಡು ಕಟಕಟೆ ಹತ್ತಿದರೆ ಮೊದಲ ಪಾಟೀಸವಾಲಿಗೇ ಕೇಸು ಬಿದ್ದುಹೋಗುತ್ತದೆ.

ನಿಧಾನದ ಮಾತನ್ನು ಬೇಗ ಮುಗಿಸೋಣ. ಬರೋಡಾದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಎಂಬ ಡಬ್ಬಾ ಕ್ಯಾಮೆರಾ ಒಂದು ಕಾಲಕ್ಕೆ ನಮ್ಮ ಮಧ್ಯಮ ವರ್ಗದ ಮನೆಗಳಲ್ಲೆಲ್ಲ ಓಡಾಡುತ್ತಿತ್ತು. ಒಂದು ರೋಲಿಗೆ ಹನ್ನೆರಡೇ ಚಿತ್ರ. ಒಂದೊಂದು ಒತ್ತಿಗೂ ದುಡ್ಡಿನ ಲೆಕ್ಕ. ಅಷ್ಟೆಲ್ಲ ಯೋಚಿಸಿ ತೆಗೆದದ್ದೇನು? ಬೃಂದಾವನದ ಕಾರಂಜಿಯ ಮುಂದೆ ಕೈ ಕಟ್ಟಿ ನಿಂತ ಚಿಕ್ಕಪ್ಪ, ಬೇಲೂರಿನ ಗೋಡೆಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಇಡೀ ಕುಟುಂಬ. ಫ್ರೇಮು ಕಡಿಮೆಯಾದ ಮಾತ್ರಕ್ಕೆ ಕಣ್ಣು ಹರಿತವಾಗುವುದಿದ್ದರೆ ಆ ಆಲ್ಬಮ್ಮುಗಳೆಲ್ಲ ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಅವರ ಚಿತ್ರಗಳ ಹಾಗೆ ಇರಬೇಕಿತ್ತು. ಇನ್ನು ಪತ್ರಿಕೆಗಳಿಗೆ ದುಡಿಯುತ್ತಿದ್ದ ವೃತ್ತಿಪರರು ಒಂದೇ ಸಂದರ್ಭಕ್ಕೆ ರೋಲಿನ ಮೇಲೆ ರೋಲು ಸುರಿಯುತ್ತಿದ್ದರು. ಅವರಿಗೆ ಯಾವ ನಿಧಾನವೂ ಬೇಕಿರಲಿಲ್ಲ.

ಸತ್ಯದ ವಾದ ಹೆಚ್ಚು ಗಟ್ಟಿ ಕಾಣುತ್ತದೆ, ಹಾಗಾಗಿ ಹೆಚ್ಚು ಅಪಾಯಕಾರಿ. ಅದನ್ನು ಬಿಡಿಸಿ ನೋಡಲು ಒಂದು ಹಣೆ, ಒಂದು ಕುಂಕುಮ ಸಾಕು.

ನಮ್ಮ ದೊಡ್ಡಮ್ಮನನ್ನು ಒಮ್ಮೆ ಪಡಸಾಲೆಯ ಕಿಟಕಿ ಪಕ್ಕ ಕೂರಿಸಿ ಎರಡು ಬಗೆಯ ಕಪ್ಪು-ಬಿಳುಪು ಫಿಲಂನಲ್ಲಿ ಚಿತ್ರ ತೆಗೆದೆ. ಒಂದು ಇಲ್ಫರ್ಡ್ ಎಚ್‌ಪಿ5, ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಯಾಂಕ್ರೋಮ್ಯಾಟಿಕ್ ಜಾತಿ. ಇನ್ನೊಂದು ಆರ್ಥೊಕ್ರೋಮ್ಯಾಟಿಕ್, ನೀಲಿ, ಹಸಿರಿಗೆ ಮಾತ್ರ ಸ್ಪಂದಿಸುವ, ಕೆಂಪಿಗೆ ಕುರುಡಾದ ಫಿಲಂ. ಡಾರ್ಕ್ ರೂಮಿನಲ್ಲಿ ಕೆಂಪು ದೀಪ ಹಾಕಿಕೊಂಡೇ ಅದನ್ನು ತೊಳೆಯಬಹುದು. ಕಾಸಗಲದ ಕುಂಕುಮ, ಕೆಂಪಂಚಿನ ಸೀರೆ, ಎಲೆಅಡಿಕೆಯ ತುಟಿ: ಎಚ್‌ಪಿ5ನಲ್ಲಿ ಮೂರೂ ಬೂದು ಬಣ್ಣಕ್ಕೆ ತಿರುಗಿದ್ದವು. ಕುಂಕುಮವಂತೂ ಹಣೆಯ ಬಣ್ಣದೊಳಗೇ ಕರಗಿ, ಹುಡುಕಿ ನೋಡಬೇಕಾದ ನೆರಳಿನಂತಿತ್ತು. ಆರ್ಥೊದಲ್ಲಿ ಅದೇ ಕುಂಕುಮ ಕಾಡಿಗೆಗಿಂತ ಕಪ್ಪು. ತುಟಿ ಕಪ್ಪು, ಸೀರೆಯಂಚು ಕಪ್ಪು, ಕೆನ್ನೆಯ ಮೇಲಿನ ಒಂದೊಂದು ಕಲೆ, ಒಂದೊಂದು ಸುಕ್ಕು ಕೆತ್ತಿದ ಹಾಗೆ ಎದ್ದು ನಿಂತಿತ್ತು. ದೊಡ್ಡಮ್ಮ ಪ್ರಿಂಟು ನೋಡಿ, "ಇದೇನೋ, ನನ್ನ ಹಣೆಗೆ ಮಸಿ ಬಳಿದಿದ್ದೀಯಲ್ಲೋ" ಎಂದರು. ಎಚ್‌ಪಿ5ನದು ತೋರಿಸಿದೆ. "ಇದರಲ್ಲಿ ಕುಂಕುಮವೇ ಇಲ್ಲ, ಇದು ಇನ್ನೂ ದರಿದ್ರ!"

ಯಾವುದು ಸತ್ಯ? ಎರಡೂ ಫಿಲಂ, ಎರಡರ ಮೇಲೂ ಬಿದ್ದದ್ದು ಅದೇ ಕಿಟಕಿಯ ಬೆಳಕು. ಯಾರೂ ಕಂಪ್ಯೂಟರಿನಲ್ಲಿ ಕೈಯಾಡಿಸಿರಲಿಲ್ಲ. ಒಂದು ಕೆಂಪನ್ನು ನುಂಗಿತು, ಇನ್ನೊಂದು ಕಪ್ಪು ಮಾಡಿತು. ಪ್ಯಾಂಕ್ರೋಮ್ಯಾಟಿಕ್ ಬಳಕೆಗೆ ಬರುವ ಮುನ್ನ ತೆಗೆದ ನಮ್ಮ ಮುತ್ತಜ್ಜಿಯರ ಚಿತ್ರಗಳಲ್ಲಿ ಮುಖ ಅಷ್ಟು ಕಪ್ಪಗೆ, ಅಷ್ಟು ಕಠಿಣವಾಗಿ ಕಾಣುವುದಕ್ಕೆ ಆ ಕಾಲದ ಬಾಳಿನ ಕಷ್ಟದಷ್ಟೇ ಆ ಕಾಲದ ಎಮಲ್ಷನ್ನೂ ಕಾರಣ.

ಎಮಲ್ಷನ್ ಅಂದರೆ ಜೆಲಟಿನ್ನಿನಲ್ಲಿ ಕಲಸಿ ಪ್ಲಾಸ್ಟಿಕ್ಕಿನ ಮೇಲೆ ತೆಳ್ಳಗೆ ಹರಡಿದ ಬೆಳ್ಳಿಯ ಲವಣದ ಹರಳುಗಳು. ಜೆಲಟಿನ್ ಬರುವುದು ದನದ ಮೂಳೆ, ಚರ್ಮದಿಂದ. (ಹಾಗಾಗಿ ಸಸ್ಯಾಹಾರಿ ಫಿಲಂ ಎಂಬುದಿಲ್ಲ. ನಮ್ಮ ಮಡಿವಂತ ಮನೆಗಳ ಉಪನಯನದ ಚಿತ್ರಗಳೂ ಅದರ ಮೇಲೇ ಮೂಡಿದವು, ಯಾರೂ ಕೇಳಲಿಲ್ಲ.) ಒಂದು ಜೆಲಟಿನ್ನಿನಿಂದ ಮಾಡಿದ ಫಿಲಂ ಚುರುಕಾಗಿಯೂ ಇನ್ನೊಂದರದು ಮಂದವಾಗಿಯೂ ಯಾಕಿರುತ್ತದೆ ಎಂಬುದು ಬಹಳ ಕಾಲ ಒಗಟಾಗಿತ್ತು. ಕೊಡ್ಯಾಕಿನ ರಸಾಯನ ವಿಜ್ಞಾನಿ ಸ್ಯಾಮ್ಯುಯೆಲ್ ಶೆಪರ್ಡ್ 1925ರ ಹೊತ್ತಿಗೆ ಅದನ್ನು ಒಡೆದರು. ಜೆಲಟಿನ್ನಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಸಂಯುಕ್ತಗಳೇ ಬೆಳ್ಳಿಯ ಹರಳನ್ನು ಚುರುಕುಗೊಳಿಸುತ್ತವೆ. ಅವು ಬರುವುದು ದನ ತಿಂದ ಸಾಸಿವೆಯಂಥ ಗಿಡಗಳಿಂದ. ದನಗಳಿಗೆ ಸಾಸಿವೆ ರುಚಿಸದೆ ಹೋಗಿದ್ದರೆ ನಮಗೆ ಸಿನಿಮಾ ನೋಡುವ ಭಾಗ್ಯ ಇರುತ್ತಿರಲಿಲ್ಲ ಎಂದು ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥ ಮೀಸ್ ತಮಾಷೆ ಮಾಡುತ್ತಿದ್ದರಂತೆ. ದನ ಮೇಯ್ದ ಹುಲ್ಲುಗಾವಲಿನಿಂದ ಹಿಡಿದು ಕಾರ್ಖಾನೆಯ ರಸಾಯನಶಾಲೆಯವರೆಗೆ ಇಷ್ಟೆಲ್ಲ ಕೈ ಸೇರಿ ಮಾಡಿದ ಸರಕನ್ನು ಪ್ರಕೃತಿಯ ಕನ್ನಡಿ ಎನ್ನುವುದು ಹೇಗೆ?

ಬಣ್ಣಕ್ಕೆ ಬಂದರೆ ಕೈಗಳ ಗುರುತು ಇನ್ನೂ ಸ್ಪಷ್ಟ. 1935ರಲ್ಲಿ ಬಂದ ಕೊಡಾಕ್ರೋಮ್ ಫಿಲಂ ಕಂಡುಹಿಡಿದವರು ಇಬ್ಬರು ಸಂಗೀತಗಾರರು, ಪಿಯಾನೊ ನುಡಿಸುವ ಲಿಯೊಪೋಲ್ಡ್ ಮ್ಯಾನೆಸ್ ಮತ್ತು ಪಿಟೀಲಿನ ಲಿಯೊಪೋಲ್ಡ್ ಗೊಡೊವ್‌ಸ್ಕಿ. ಕತ್ತಲ ಕೋಣೆಯಲ್ಲಿ ಗಡಿಯಾರ ಕಾಣದೆ, ಬ್ರಾಹ್ಮ್ಸ್‌ನ ಸಿಂಫನಿಯನ್ನು ಶಿಳ್ಳೆ ಹಾಕುತ್ತ ಲಯದ ಲೆಕ್ಕದಲ್ಲಿ ಸಮಯ ಅಳೆಯುತ್ತಿದ್ದರು ಎಂಬ ಕಥೆ ಪ್ರಸಿದ್ಧ. ಆ ಫಿಲಂನ ಕೆಂಪು ಬೇರೆಲ್ಲೂ ಇಲ್ಲ. ಛಾಯಾಗ್ರಾಹಕ ರಘುಬೀರ್ ಸಿಂಗ್ ಅದರಲ್ಲೇ ಗಂಗೆಯನ್ನೂ ರಾಜಸ್ಥಾನವನ್ನೂ ತೆಗೆದರು. ಭಾರತೀಯ ಕಣ್ಣು ಬಣ್ಣದಲ್ಲೇ ಯೋಚಿಸುತ್ತದೆ, ಕಪ್ಪು-ಬಿಳುಪಿನ ವಿಷಾದ ಪಶ್ಚಿಮದ್ದು ಎಂಬ ಅರ್ಥದ ವಾದವನ್ನೂ ಹೂಡಿದರು. ನನಗೆ ಆ ವಾದ ಪೂರ್ತಿ ಒಪ್ಪಿಗೆಯಿಲ್ಲ. ಸತ್ಯನ್ ಅವರ ಕಪ್ಪು-ಬಿಳುಪಿನ ಹಳ್ಳಿ ಮಕ್ಕಳಲ್ಲಿ ಎಲ್ಲಿದೆ ಪಶ್ಚಿಮದ ವಿಷಾದ? ಆದರೆ ಜಗತ್ತು ಭಾರತವನ್ನು ಒಂದು ಬಗೆಯ ಉರಿಗೆಂಪು, ಅರಿಶಿನ ಬಣ್ಣದ ದೇಶವಾಗಿ ಕಲ್ಪಿಸಿಕೊಂಡದ್ದರಲ್ಲಿ ರಾಚೆಸ್ಟರಿನ ಕೊಡ್ಯಾಕ್ ಕಾರ್ಖಾನೆಯ ಪಾಲೂ ಇದೆ ಎಂಬುದನ್ನು ಮರೆಯುವಂತಿಲ್ಲ. ಕೊಡಾಕ್ರೋಮ್ ತೊಳೆಯುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸಿನದು, 2010ರ ಡಿಸೆಂಬರ್ 30ರವರೆಗೆ ಬಂದ ರೋಲುಗಳನ್ನಷ್ಟೇ ತೆಗೆದುಕೊಂಡು ಆ ಕೆಲಸ ನಿಲ್ಲಿಸಿತು. ಆ ಕೆಂಪು ಅಲ್ಲಿಗೆ ಮುಗಿಯಿತು. 1990ರಲ್ಲಿ ಬಂದ ಫ್ಯೂಜಿಯ ವೆಲ್ವಿಯಾ ಹಸಿರಿನ ವಿಷಯದಲ್ಲಿ ಇದೇ ಕೆಲಸ ಮಾಡಿತು. ಆಗುಂಬೆಯ ಕಾಡನ್ನು ಮಳೆ ನಿಂತ ಮರುಗಳಿಗೆ ವೆಲ್ವಿಯಾದಲ್ಲಿ ತೆಗೆದು ಸ್ಲೈಡನ್ನು ಬೆಳಕಿನ ಪೆಟ್ಟಿಗೆಯ ಮೇಲಿಟ್ಟರೆ ಕಾಡೇ ನಾಚಬೇಕು, ತಾನು ಅಷ್ಟು ಹಸಿರಾಗಿ ಎಂದೂ ಇರಲಿಲ್ಲವಲ್ಲ ಎಂದು.

ಇಲ್ಲಿಯವರೆಗೆ ರುಚಿಯ ಪ್ರಶ್ನೆ. ಚರ್ಮದ ಬಣ್ಣಕ್ಕೆ ಬಂದಾಗ ಅದು ನ್ಯಾಯದ ಪ್ರಶ್ನೆಯಾಗುತ್ತದೆ. 1950ರ ದಶಕದಿಂದ ಕೊಡ್ಯಾಕ್ ಕಂಪನಿ ಕಲರ್ ಲ್ಯಾಬುಗಳಿಗೆ ಒಂದು ಮಾದರಿ ಚಿತ್ರ ಕಳಿಸುತ್ತಿತ್ತು. ಬಿಳಿಯ ಚರ್ಮದ, ಚೆನ್ನಾಗಿ ಉಡುಗೆ ತೊಟ್ಟ ಹೆಂಗಸೊಬ್ಬಳ ಚಿತ್ರ. ಮೊದಲ ಮಾಡೆಲ್‌ನ ಹೆಸರು ಶರ್ಲಿ; ಮುಂದೆ ಮುಖ ಬದಲಾದರೂ 'ಶರ್ಲಿ ಕಾರ್ಡ್' ಎಂಬ ಹೆಸರು ಉಳಿಯಿತು. ಲ್ಯಾಬಿನವನು ಪ್ರಿಂಟಿಂಗ್ ಮಷೀನನ್ನು ಶರ್ಲಿಯ ಕೆನ್ನೆ ಸರಿಯಾಗಿ ಬರುವ ಹಾಗೆ ಹೊಂದಿಸಬೇಕು. ಶರ್ಲಿ ಸರಿ ಬಂದರೆ ಜಗತ್ತೇ ಸರಿ ಬಂದಂತೆ. ಕೆನಡಾದ ವಿದ್ವಾಂಸೆ ಲೋರ್ನಾ ರಾತ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಥೆಯನ್ನು ಬಿಡಿಸಿಟ್ಟಿದ್ದಾರೆ. ಕಪ್ಪು ಮಕ್ಕಳೂ ಬಿಳಿ ಮಕ್ಕಳೂ ಒಟ್ಟಿಗೆ ಕೂತ ಶಾಲೆಯ ಗುಂಪುಚಿತ್ರದಲ್ಲಿ ಕಪ್ಪು ಮಕ್ಕಳ ಮುಖದ ವಿವರಗಳೆಲ್ಲ ಅಳಿಸಿ ಕಣ್ಣು, ಹಲ್ಲು ಮಾತ್ರ ಹೊಳೆಯುತ್ತಿದ್ದವು. ತಿದ್ದುವ ಒತ್ತಡ ಜೋರಾಗಿ ಬಂದದ್ದು ಯಾರಿಂದ ಎನ್ನುವುದೇ ಈ ಕಥೆಯ ಕಹಿ: ಚಾಕೊಲೇಟ್ ಮಾರುವವರಿಂದ, ಮರದ ಪೀಠೋಪಕರಣ ಮಾಡುವವರಿಂದ. ಕಡುಗಂದು ಚಾಕೊಲೇಟಿಗೂ ತಿಳಿಗಂದು ಚಾಕೊಲೇಟಿಗೂ ಜಾಹೀರಾತಿನಲ್ಲಿ ವ್ಯತ್ಯಾಸ ಕಾಣುವುದಿಲ್ಲ, ಒಂದು ಜಾತಿಯ ಮರ ಇನ್ನೊಂದರಂತೆ ಕಾಣುತ್ತದೆ ಎಂದು ಅವರು ದೂರಿದರು. ಮನುಷ್ಯರ ಮುಖಕ್ಕಿಲ್ಲದ ವಕೀಲಿ ಮರದ ಬೀರುವಿಗೆ ಸಿಕ್ಕಿತು. 80ರ ದಶಕದಲ್ಲಿ ಗೋಲ್ಡ್ ಸರಣಿಯ ಫಿಲಂ ಬಂದಾಗ ಕಂಪನಿ ಕಪ್ಪು ಮುಖದ ಮಾತೆತ್ತಲಿಲ್ಲ. ಮಂದ ಬೆಳಕಿನಲ್ಲಿ ಕಪ್ಪು ಕುದುರೆಯ ವಿವರವೂ ಸಿಗುತ್ತದೆ ಎಂದು ಬಳಸುಮಾತಿನಲ್ಲಿ ಹೇಳಿಕೊಂಡಿತು.

ನಮ್ಮ ನಾಡಿನಲ್ಲಿ ಈ ಪಕ್ಷಪಾತಕ್ಕೆ ಪ್ರತಿಭಟನೆ ಹುಟ್ಟಲಿಲ್ಲ, ಸಹಕಾರ ಹುಟ್ಟಿತು. ಊರಿನ ಸ್ಟುಡಿಯೊಗಳಲ್ಲಿ ಕನ್ನಡಿಯ ಕೆಳಗೆ ಬಾಚಣಿಗೆಯ ಜೊತೆ ಪೌಡರ್ ಡಬ್ಬಿ ಇರುತ್ತಿದ್ದದ್ದು ಸುಮ್ಮನಲ್ಲ. ವರನ ಕಡೆಯವರಿಗೆ ಕಳಿಸುವ ಫೋಟೊ ಎಂದರೆ "ಸ್ವಲ್ಪ ಬೆಳ್ಳಗೆ ಬರೋ ಹಾಗೆ ಹಾಕಿಕೊಡಿ" ಎಂಬ ಮಾತು ಕೌಂಟರಿನಲ್ಲೇ ಬೀಳುತ್ತಿತ್ತು. ಶರ್ಲಿಗೆ ಹೊಂದಿಸಿದ ಮಷೀನು, ಬಿಳಿಚರ್ಮದ ಹಂಬಲದ ಗಿರಾಕಿ. ಇಬ್ಬರೂ ಕೂಡಿ ಕಪ್ಪಗಿನ ಹುಡುಗಿಯ ಮುಖವನ್ನು ಅಳಿಸಿದರು.

ಹಾಗಾದರೆ ಇಷ್ಟೆಲ್ಲ ಆರೋಪ ಹೊತ್ತ ಫಿಲಂ ಪರ ಇನ್ನೇನು ವಾದ ಉಳಿಯಿತು? ನನ್ನ ಪ್ರಕಾರ ವಾದ ಶುರುವಾಗುವುದೇ ಇಲ್ಲಿಂದ. ಈ ಪಕ್ಷಪಾತಗಳನ್ನೆಲ್ಲ ನಾವು ಹೆಸರಿಟ್ಟು ಕರೆಯಲು ಆಗುತ್ತಿದೆಯಲ್ಲ, ಅದನ್ನು ಗಮನಿಸಿ. ಕೊಡಾಕ್ರೋಮ್ ಕೆಂಪಿನ ಪಕ್ಷ, ವೆಲ್ವಿಯಾ ಹಸಿರಿನ ಪಕ್ಷ, ಆರ್ಥೊ ಕೆಂಪಿನ ವೈರಿ. ಡಬ್ಬಿಯ ಮೇಲೆ ಹೆಸರಿದೆ, ಬೆಳಕಿಗೆ ಎಷ್ಟು ಚುರುಕು ಎನ್ನುವ ಸ್ಪೀಡು ಇದೆ. ಯಾವ ಬಣ್ಣದ ಬೆಳಕಿಗೆ ಎಷ್ಟು ಸ್ಪಂದಿಸುತ್ತದೆ ಎಂಬ ರೇಖಾಚಿತ್ರವನ್ನು ತಯಾರಕರೇ ಅಚ್ಚು ಹಾಕಿಸಿ ಕೊಡುತ್ತಾರೆ. ಇವತ್ತು ಕೊಂಡ ಎಚ್‌ಪಿ5 ಮುಂದಿನ ತಿಂಗಳು ಕೊಳ್ಳುವುದರ ಹಾಗೆಯೇ ನಡೆದುಕೊಳ್ಳುತ್ತದೆ. ಯಾವ ಫಿಲಂ ಯಾರ ಮುಖಕ್ಕೆ ಅನ್ಯಾಯ ಮಾಡಿತು ಎಂದು ಐವತ್ತು ವರ್ಷದ ಮೇಲೆ ಒಬ್ಬ ವಿದ್ವಾಂಸೆ ಪುರಾವೆ ಸಮೇತ ತೋರಿಸಲು ಸಾಧ್ಯವಾದದ್ದು ಆ ಅನ್ಯಾಯ ಒಂದು ಗೊತ್ತಾದ ವಸ್ತುವಿನಲ್ಲಿ, ಒಂದು ಗೊತ್ತಾದ ಕಾರ್ಡಿನಲ್ಲಿ ಅಚ್ಚಾಗಿ ಕೂತಿದ್ದರಿಂದ.

ಜೇಬಿನಲ್ಲಿರುವ ಫೋನಿನ ಪಕ್ಷಪಾತಕ್ಕೆ ಹೆಸರೇನು? ಒಮ್ಮೆ ಒತ್ತಿದರೆ ಅದು ಹಲವು ಚಿತ್ರ ತೆಗೆದು, ಹೊಲಿದು, ಆಕಾಶವನ್ನು ಬೇರೆ ಮುಖವನ್ನು ಬೇರೆ ಎಂದು ವಿಂಗಡಿಸಿ, ಒಂದೊಂದಕ್ಕೂ ಒಂದೊಂದು ಉಪಚಾರ ಮಾಡಿ ಕೊಡುತ್ತದೆ. ಚರ್ಮ ನಯ ಮಾಡಬೇಕೆಂದು ಯಾರು ಹೇಳಿದರು, ಎಷ್ಟು ಎಂದು ಯಾರು ತೀರ್ಮಾನಿಸಿದರು, ಕಳೆದ ವಾರದ ಅಪ್‌ಡೇಟಿನ ನಂತರ ಏನು ಬದಲಾಯಿತು, ಒಂದೂ ತಿಳಿಯದು. 2023ರಲ್ಲಿ ಚಂದ್ರನ ಅದ್ಭುತ ಚಿತ್ರ ತೆಗೆಯುತ್ತದೆಂದು ಹೆಸರಾದ ಫೋನೊಂದಕ್ಕೆ ಯಾರೋ ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸಿದರು. ಎದುರಿಗೆ ಇಲ್ಲದೇ ಇದ್ದ ಕುಳಿಗಳನ್ನು ಫೋನು ತಾನೇ ತುಂಬಿಕೊಟ್ಟಿತು. ವೆಲ್ವಿಯಾ ಎಷ್ಟೇ ಉತ್ಪ್ರೇಕ್ಷೆ ಮಾಡಲಿ, ಲೆನ್ಸಿನ ಮೂಲಕ ಬಾರದ ಎಲೆಯೊಂದನ್ನು ಮರಕ್ಕೆ ಅಂಟಿಸಲಾರದು.

ಇದಕ್ಕೆ ಒಳ್ಳೆಯ ಎದುರುವಾದ ಒಂದಿದೆ. ಸ್ವತಃ ಫ್ಯೂಜಿಫಿಲಂ ತನ್ನ ಡಿಜಿಟಲ್ ಕ್ಯಾಮೆರಾಗಳಲ್ಲಿ ವೆಲ್ವಿಯಾ, ಆಕ್ರೋಸ್ ಎಂದು ಫಿಲಂಗಳ ಹೆಸರನ್ನೇ ಮೆನುವಿನಲ್ಲಿ ಇಟ್ಟಿದೆಯಲ್ಲ, ಹೆಸರಿದ್ದರೆ ಸಾಕು ಎನ್ನುವುದಾದರೆ ಅದೇ ಸಾಲದೇ? ಚಿತ್ರದ ಮಟ್ಟಿಗೆ ಸಾಕು ಎಂದು ಒಪ್ಪುತ್ತೇನೆ. ಪ್ರಿಂಟು ಹಾಕಿ ಗೋಡೆಗೆ ತೂಗಿದರೆ ಯಾವುದು ಯಾವುದು ಎಂದು ಹೇಳುವವರು ಬಹಳ ಜನ ಸಿಗಲಾರರು. ವ್ಯತ್ಯಾಸ ಇರುವುದು ತೆಗೆಯುವವನಲ್ಲಿ. ಡಿಜಿಟಲ್ಲಿನಲ್ಲಿ ಬಣ್ಣ ಆಮೇಲೆ ಆರಿಸಬಹುದು, ಆರಿಸಿದ್ದನ್ನು ಅಳಿಸಬಹುದು. ರೋಲು ಹಾಕಿ ಬೆನ್ನಿನ ಬಾಗಿಲು ಮುಚ್ಚಿದ ಮೇಲೆ ಮೂವತ್ತಾರು ಫ್ರೇಮಿನ ತನಕ ಅದರ ಕಟ್ಟಳೆಯೊಳಗೇ ಬದುಕಬೇಕು. ಐವತ್ತು ಸ್ಪೀಡಿನ ವೆಲ್ವಿಯಾ ಹಾಕಿಕೊಂಡು ಶೋಲಾ ಕಾಡಿನೊಳಗೆ ಹೊಕ್ಕರೆ ಬೆಳಕಿನ ಮೀಟರು ಎಂಟನೇ ಒಂದು ಸೆಕೆಂಡು ಎನ್ನುತ್ತದೆ; ಹಕ್ಕಿಯ ಆಸೆ ಬಿಟ್ಟು, ಟ್ರೈಪಾಡ್ ಊರಿ, ಗಾಳಿಗೆ ಅಲುಗದ ಕಲ್ಲು, ಹಾವಸೆ, ಬೇರು ಹುಡುಕುತ್ತೀರಿ. ಎಚ್‌ಪಿ5 ಹಾಕಿಕೊಂಡು ಕೆ.ಆರ್. ಮಾರುಕಟ್ಟೆಯ ಹೂವಿನ ಸಾಲಿಗೆ ಹೋದರೆ ಮೊದಲ ಅರ್ಧ ಗಂಟೆ ಚೆಂಡುಹೂವಿನ ಹಳದಿ, ಕನಕಾಂಬರದ ಕೇಸರಿ ಕಣ್ಣನ್ನು ಎಳೆಯುತ್ತಲೇ ಇರುತ್ತದೆ. ಆಮೇಲೆ ಕಣ್ಣು ಸೋತು ಬೇರೆಯದನ್ನು ಹಿಡಿಯತೊಡಗುತ್ತದೆ: ಟಾರ್ಪಾಲಿನ ತೂತಿನಿಂದ ಬಿದ್ದ ಬಿಸಿಲು, ಮೂಟೆ ಹೊತ್ತವನ ಕತ್ತಿನ ನರ. ಫಿಲಂನ ಕುರುಡು ತಿಳಿದಾಗ ನಮ್ಮ ನೋಟ ಎಲ್ಲೆಲ್ಲಿಗೆ ಹರಿಯುತ್ತದೆ ಎಂಬುದೂ ಜೊತೆಗೇ ತಿಳಿಯುತ್ತದೆ. ನಿಧಾನಕ್ಕೂ ಇದಕ್ಕೂ ಸಂಬಂಧವಿಲ್ಲ. ಬೇಕಾದರೆ ಐದೇ ನಿಮಿಷದಲ್ಲಿ ರೋಲು ಖಾಲಿ ಮಾಡಿ.

ಇನ್ನೊಂದು ಗುಣ ನೆಗೆಟಿವಿನದು. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' ಸಿನಿಮಾ 1977ರದು, ಎಸ್. ರಾಮಚಂದ್ರ ಕಪ್ಪು-ಬಿಳುಪಿನಲ್ಲಿ ಚಿತ್ರಿಸಿದ್ದು. ಅದರ ಮೂಲ ನೆಗೆಟಿವ್ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಉಳಿದಿದ್ದರಿಂದಲೇ ಮರುಜೀವ ಪಡೆದ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದ ಪರದೆಗೇರಿತು. ತೆಗೆದಾಗ ಯಾರೂ ಊಹಿಸದ ಯಂತ್ರವೊಂದು ಆ ನೆಗೆಟಿವಿನಿಂದ ವಿವರ ಎಳೆದುಕೊಟ್ಟಿತು. ಹಾಗೆಂದು ಫಿಲಂ ಚಿರಂಜೀವಿ ಎಂದು ಹೊಗಳುವುದೂ ಬೇಡ. ನಮ್ಮ ಕರಾವಳಿಯ ಸೆಕೆಗೆ ಅಸಿಟೇಟ್ ಫಿಲಂ ಕೊಳೆತು ವಿನೆಗರಿನ ಹುಳಿ ವಾಸನೆ ಹೊಡೆಯುತ್ತದೆ. 70–80ರ ದಶಕದ ಮದುವೆ ಆಲ್ಬಮ್ಮುಗಳು ಕೆಂಪಗೆ ತಿರುಗಿರುವುದನ್ನು ಎಲ್ಲರೂ ನೋಡಿದ್ದೇವೆ. ನೀಲಿ-ಹಸಿರಿನ ಬಣ್ಣ ಮೊದಲು ಮಾಸಿ ಕೆಂಪು ಹಿಂದೆ ಉಳಿದ ಪರಿಣಾಮ ಅದು. ಬೆಳ್ಳಿಯ ಕಪ್ಪು-ಬಿಳುಪು ಮಾತ್ರ, ಹೈಪೊದಲ್ಲಿ ಸರಿಯಾಗಿ ಅದ್ದಿ ಚೆನ್ನಾಗಿ ನೀರಿನಲ್ಲಿ ತೊಳೆದಿದ್ದರೆ, ಮೂರು ತಲೆಮಾರು ಸಲೀಸಾಗಿ ಬಾಳುತ್ತದೆ.

ಫಿಲಂ ಒಂದು ಕೈಕಸುಬು, ಬಂಡವಾಳಶಾಹಿ ತಂತ್ರಜ್ಞಾನಕ್ಕೆ ಪ್ರತಿರೋಧ ಎಂಬ ಮಾತನ್ನೂ ಈಚೆಗೆ ಕೇಳುತ್ತಿದ್ದೇನೆ. ಗುಂಡ್ಲುಪೇಟೆ ದಾಟಿ, ಬಂಡೀಪುರ ಹಾದು ಊಟಿಗೆ ಹೋದವರು ಅಲ್ಲಿನ ಹಿಂದೂಸ್ತಾನ್ ಫೋಟೊ ಫಿಲಂಸ್ ಕಾರ್ಖಾನೆಯ ಕಥೆ ಒಮ್ಮೆ ವಿಚಾರಿಸಬೇಕು. 1960ರಲ್ಲಿ ಸ್ಥಾಪನೆ, ಫ್ರಾನ್ಸಿನ ಕಂಪನಿಯ ತಾಂತ್ರಿಕ ನೆರವು, 1967ರಿಂದ 'ಇಂದು' ಹೆಸರಿನ ಫಿಲಂ, ಎಕ್ಸ್-ರೇ ಹಾಳೆಗಳ ತಯಾರಿಕೆ. ತಂಪು, ಧೂಳಿಲ್ಲದ ಗಾಳಿಗಾಗಿಯೇ ಆ ಬೆಟ್ಟ. ನಮ್ಮ ಸರಕಾರಿ ಕಚೇರಿ, ಆಸ್ಪತ್ರೆಗಳ ಎಷ್ಟೋ ಚಿತ್ರ ಅದರ ಮೇಲೆ ಮೂಡಿತು. ಲೋಕ ಬಣ್ಣಕ್ಕೆ, ಆಮೇಲೆ ಡಿಜಿಟಲ್ಲಿಗೆ ಓಡಿದಾಗ ಕಾರ್ಖಾನೆ ಹಿಂದೆ ಬಿತ್ತು, ಸಾಲದಲ್ಲಿ ಮುಳುಗಿತು, ಕೊನೆಗೆ ಬಾಗಿಲು ಹಾಕಿತು. ಕೆಟ್ಟ ಕ್ಯಾಮೆರಾವನ್ನು ಒಬ್ಬ ಜಾಣ ಮೆಕ್ಯಾನಿಕ್ ಬಿಚ್ಚಿ ಸರಿಮಾಡಬಹುದು. ಕಿಲೋಮೀಟರುಗಟ್ಟಲೆ ಉದ್ದದ ಪ್ಲಾಸ್ಟಿಕ್ಕಿಗೆ ಕತ್ತಲಲ್ಲಿ, ಕೂದಲೆಳೆಯ ವ್ಯತ್ಯಾಸವೂ ಬಾರದ ಹಾಗೆ ಎಮಲ್ಷನ್ ಬಳಿಯುವ ಯಂತ್ರವನ್ನು ಮನೆಯಲ್ಲಿ ಕಟ್ಟಲಾಗದು. ಜಗತ್ತಿನಲ್ಲಿ ಬೆರಳೆಣಿಕೆಯ ಕಾರ್ಖಾನೆಗಳು ಉಳಿದಿವೆ; ಅವು ಹೇಳಿದ್ದೇ ಬೆಲೆ. ಹೆಸರಾಂತ ಬಣ್ಣದ ಫಿಲಂನ ಒಂದು ರೋಲು ಸಾವಿರ ರೂಪಾಯಿ ದಾಟಿದೆ, ತೊಳೆಸುವ, ಸ್ಕ್ಯಾನ್ ಮಾಡಿಸುವ ಖರ್ಚು ಬೇರೆ. ಇದು ಇವತ್ತಿಗೆ ಉಳ್ಳವರ ಹವ್ಯಾಸವೆಂದು ಒಪ್ಪಿಕೊಂಡೇ ಮಾತಾಡುವುದು ಮರ್ಯಾದೆ.

ಸ್ಕ್ಯಾನಿನ ವಿಷಯ ಬಂತು. ಪೋರ್ಟ್ರಾ 400 ಎಂಬ ಬಣ್ಣದ ಫಿಲಂನ ತೆಳು ಗುಲಾಬಿ, ಕೆನೆ ಬಣ್ಣ ಎಂದು ಫೋನಿನಲ್ಲಿ ನೋಡಿ ಮೋಹಗೊಂಡು ಕೊಳ್ಳುವವರು ನೋಡಿರುವುದರಲ್ಲಿ ಫಿಲಂನ ಪಾಲೆಷ್ಟು, ಲ್ಯಾಬಿನ ಸ್ಕ್ಯಾನರಿನ ಮುಂದೆ ಕೂತ ಹುಡುಗನ ಪಾಲೆಷ್ಟು ಎಂದು ಹೇಳುವುದು ಕಷ್ಟ. ಬಣ್ಣದ ನೆಗೆಟಿವನ್ನು ಯಾರಾದರೂ ತಿರುಗಿಸಿ ಅರ್ಥೈಸಲೇಬೇಕು, ಆ ಅರ್ಥದಲ್ಲಿ ಶರ್ಲಿ ಇನ್ನೂ ಬದುಕಿದ್ದಾಳೆ. ಫಿಲಂ ತನ್ನ ಬಾಯಿಂದಲೇ ಮಾತಾಡುವುದನ್ನು ಕೇಳಬೇಕಾದರೆ ಸ್ಲೈಡನ್ನು ಬೆಳಕಿಗೆ ಹಿಡಿದು ನೋಡಬೇಕು, ಇಲ್ಲವೇ ಕಪ್ಪು-ಬಿಳುಪನ್ನು ಸ್ವಂತ ಕೈಯಿಂದ ತೊಳೆಯಬೇಕು.

ಶುರು ಮಾಡುವವರಿಗೆ ನಾನು ಹೇಳುವುದು ಎರಡನೆಯದನ್ನೇ. ಒಂದೇ ಜಾತಿಯ, ನಾನೂರು ಸ್ಪೀಡಿನ ಕಪ್ಪು-ಬಿಳುಪು ಫಿಲಂ. ಒಂದು ವರ್ಷ ಬೇರೆ ಯಾವುದನ್ನೂ ಮುಟ್ಟದಿರುವುದು. ಮೀಟರು ಕೆಟ್ಟಿದ್ದರೆ ಚಿಂತೆಯಿಲ್ಲ, ನಿಚ್ಚಳ ಬಿಸಿಲಿನಲ್ಲಿ ಎಫ್ 16, ಐನೂರನೇ ಒಂದು ಸೆಕೆಂಡು. ಡಿ-76 ಎಂಬ ಡೆವಲಪರ್ 1927ರಷ್ಟು ಹಳೆಯದು, ಈಗಲೂ ಸಿಗುತ್ತದೆ. 20 ಡಿಗ್ರಿಯಲ್ಲಿ ಎಚ್‌ಪಿ5ಗೆ ಏಳೂವರೆ ನಿಮಿಷ. ಬೆಂಗಳೂರಿನ ಏಪ್ರಿಲ್ ತಿಂಗಳ ನಲ್ಲಿ ನೀರು ಅಷ್ಟು ತಂಪಿರುವುದಿಲ್ಲ, ಬಕೆಟ್ಟಿಗೆ ಮಂಜುಗಡ್ಡೆ ಹಾಕಿ ಬಾಟಲಿಯನ್ನು ಅದರಲ್ಲಿ ಕೂರಿಸಿಕೊಳ್ಳಿ. ಅವಧಿ ಮೀರಿದ ಫಿಲಂ ಅಗ್ಗಕ್ಕೆ ಸಿಗುತ್ತದೆಂದು, ಬಣ್ಣ ವಿಚಿತ್ರವಾಗಿ ಬರುತ್ತದೆಂದು ಕೊಳ್ಳುವ ಖಯಾಲಿ ಈಗ ಜೋರಾಗಿದೆ. ಅದು ಬೇಡ. ಎಲ್ಲೋ ಗೋದಾಮಿನಲ್ಲಿ ಎಷ್ಟು ಬೇಸಿಗೆ ಬೆಂದಿದೆಯೋ ಯಾರಿಗೆ ಗೊತ್ತು. ಅದರಲ್ಲಿ ಬಂದ ಬಣ್ಣಕ್ಕೆ ಫಿಲಂ ಕಾರಣವೋ ಸೆಕೆ ಕಾರಣವೋ ಎಂದು ಕಡೆಗೂ ತಿಳಿಯುವುದಿಲ್ಲ, ಏನನ್ನೂ ಕಲಿತಂತಾಗುವುದಿಲ್ಲ. ನೂರು ರೂಪಾಯಿ ಹೆಚ್ಚಾದರೂ ಸರಿ, ಡಬ್ಬಿಯ ಮೇಲಿನ ತಾರೀಖು ನೋಡಿ, ಫ್ರಿಜ್ಜಿನಲ್ಲಿಟ್ಟದ್ದನ್ನೇ ಕೊಡಿ ಎಂದು ಅಂಗಡಿಯವರನ್ನು ಕೇಳಿ ಪಡೆಯಿರಿ.